ಅತ್ತೆಯ ಬಾಯಿ ಉರಿ, ಹಲ್ಲಿನ ಸೆಟ್ಟು

ಪ್ರಶ್ನೆ: ನಮ್ಮ ಅತ್ತೆಗೆ 64 ವರ್ಷ, ಶುಗರ್ ಇದೆ. ಕೊರೊನಾ ಬಂದು ಆಸ್ಪತ್ರೆಯಲ್ಲಿ ಆಕ್ಸಿಜನ್, ಸ್ಟೀರಾಯ್ಡ್ ಎಲ್ಲ ಕೊಟ್ಟರು. ಮನೆಗೆ ಬಂದ ಮೇಲೆ ಬಾಯೆಲ್ಲ ಉರಿ, ನಾಲಿಗೆ ಮೇಲೆ ಬಿಳಿ ಪದರ. ಗಂಜಿ ಕುಡಿಯಲೂ ಕಷ್ಟ. ಪಕ್ಕದ ಮನೆಯವರು ಕೊಟ್ಟ ಬಾಯಿಹುಣ್ಣಿನ ಮುಲಾಮು ಹಚ್ಚುತ್ತಿದ್ದೇವೆ. ಮೇಲಿನ ಹಲ್ಲಿಗೆ ಸೆಟ್ಟು ಇದೆ, ಕೆಳಗಿನವು ಅವರದೇ. ನೋವಿಗೆ ಉಜ್ಜುವುದನ್ನೂ ಬಿಟ್ಟಿದ್ದಾರೆ. ವೈರಸ್ ಇನ್ನೂ ಬಾಯಲ್ಲಿ ಉಳಿದಿದೆಯಾ?
– ಓದುಗರು, ಡೊಂಬಿವಲಿ

ಉತ್ತರ: ಮೊದಲು ಆ ಮುಲಾಮು ನಿಲ್ಲಿಸಿ. ಹುಣ್ಣಿಗೆ ಅಂತ ಸಿಗುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಫಂಗಸ್ ಇದ್ದರೆ ಅದು ಇನ್ನಷ್ಟು ಹಬ್ಬುತ್ತದೆ. ಡಾಕ್ಟರ್ ಬರೆದ ಸ್ಟೀರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಅದನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಬಾಲ್ಕನಿ ಬೆಳಕಿಗೆ ಕೂರಿಸಿ ಬಾಯಿ ನೋಡಿ. ಒದ್ದೆ ಹತ್ತಿಯಿಂದ ಬಿಳಿ ಪದರವನ್ನು ಮೆಲ್ಲಗೆ ಒರೆಸಿ. ಒಡೆದ ಹಾಲಿನ ಗಟ್ಟಿಯಂತೆ ಎದ್ದು ಬಂದು ಕೆಳಗೆ ಕೆಂಪಗೆ ಕಂಡರೆ ಅದು ಹೆಚ್ಚಾಗಿ ಕ್ಯಾಂಡಿಡಾ ಫಂಗಸ್. ಸಾಮಾನ್ಯ ಹುಣ್ಣು ಹಾಗಲ್ಲ. ನಡುವೆ ಹಳದಿ, ಸುತ್ತ ಕೆಂಪು ಅಂಚು, ಒರೆಸಿದರೆ ಹೋಗುವುದಿಲ್ಲ. ಎರಡು ವಾರದಲ್ಲಿ ಮಾಯದಿದ್ದರೆ ತೋರಿಸಲೇಬೇಕು.

ಕೊರೊನಾ ವೈರಸ್ ನಾಲಿಗೆ, ಜೊಲ್ಲುಗ್ರಂಥಿಗಳ ಜೀವಕೋಶದೊಳಗೂ ಹೊಗಬಲ್ಲದು, ನಿಜ. ಆದರೆ ಅತ್ತೆಯ ವಿಷಯದಲ್ಲಿ ನನ್ನ ಅನುಮಾನ ಬೇರೆ. ಸ್ಟೀರಾಯ್ಡ್ ಶುಗರ್ ಏರಿಸುತ್ತದೆ, ಸೋಂಕು ತಡೆಯುವ ಶಕ್ತಿ ತಗ್ಗಿಸುತ್ತದೆ. ಆಕ್ಸಿಜನ್‌ಗೆ ಬಾಯಿ ಒಣಗುತ್ತದೆ. ತೊಳೆಯಲು ಜೊಲ್ಲೇ ಇಲ್ಲ ಅಂದ ಮೇಲೆ ಫಂಗಸ್‌ಗೆ ಹಬ್ಬ ಅಲ್ವಾ?

ಇನ್ನು ಸೆಟ್ಟು. ಮಾಟುಂಗಾದ ನನ್ನ ಕ್ಲಿನಿಕ್‌ಗೆ ಬರುವ ಹಿರಿಯರ ಸೆಟ್ಟನ್ನು ನಾನು ತಿರುಗಿಸಿ ನೋಡುತ್ತೇನೆ. ಹೊರಗೆ ಹೊಳೆಯುತ್ತಿರುತ್ತದೆ. ಅಂಗುಳಕ್ಕೆ ಕೂರುವ ಕಡೆ ಬೆರಳಾಡಿಸಿದರೆ ಲೋಳೆ. ಔಷಧಿಯಿಂದ ಬಾಯಿ ವಾಸಿಯಾದರೂ ಅಲ್ಲಿಂದ ಫಂಗಸ್ ಮತ್ತೆ ಬರುತ್ತದೆ. ರಾತ್ರಿ ಸೆಟ್ಟು ತೆಗೆದಿಡಲೇಬೇಕು. ಬೇರೆ ಬ್ರಷ್‌ನಿಂದ ಎರಡೂ ಕಡೆ ಉಜ್ಜಿ ನೀರಲ್ಲಿ ಮುಳುಗಿಸಿಡಿ. ಕುದಿಯುವ ನೀರು ಬೇಡ, ಸೊಟ್ಟಗಾಗುತ್ತದೆ.

ಕೆಳಗಿನ ಹಲ್ಲು ಉಜ್ಜುವುದನ್ನು ಬಿಡಲೇಬೇಡಿ. ಹೊಸ ಮೆದು ಬ್ರಷ್, ಉರಿಯದ ಪೇಸ್ಟ್ ಸ್ವಲ್ಪವೇ ಸಾಕು. ಬೆಚ್ಚಗಿನ ಉಪ್ಪುನೀರಲ್ಲಿ ಮುಕ್ಕಳಿಸಲಿ. ಆರಿದ ಗಂಜಿ, ಮೆತ್ತಗಿನ ಇಡ್ಲಿ ಕೊಡಿ. ಚಟ್ನಿ, ಉಪ್ಪಿನಕಾಯಿ ಸದ್ಯ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಕಡೆ ಕೆನ್ನೆ ನೋವು ಅಥವಾ ಜೋಮು, ಕಣ್ಣಿನ ಊತ, ಅಂಗುಳದಲ್ಲಿ ಕಪ್ಪು ಕಲೆ, ಮೂಗಿನಿಂದ ಕಪ್ಪು ಸ್ರಾವ, ಇದರಲ್ಲಿ ಒಂದು ಕಂಡರೂ ಅವತ್ತೇ ಕಿವಿ-ಮೂಗು-ಗಂಟಲು ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಮ್ಯೂಕರ್ ಇರಬಹುದು, ಜನ ಕಪ್ಪು ಫಂಗಸ್ ಅನ್ನುವುದು. 2021ರ ಎರಡನೇ ಅಲೆಯಲ್ಲಿ ಮಹಾರಾಷ್ಟ್ರದಲ್ಲಿ ಎಷ್ಟೋ ಜನರನ್ನು, ಅದರಲ್ಲೂ ಶುಗರ್ ಇದ್ದವರನ್ನು ಕಾಡಿತು. ಮೇಲ್ದವಡೆ ತೆಗೆಸಿಕೊಂಡವರನ್ನು ನೋಡಿದ್ದೇನೆ. ಹಲ್ಲುನೋವು ಅಂತ ಸುಮ್ನೆ ಕೂತಿದ್ದರು ಪಾಪ.

ಇದ್ಯಾವುದೂ ಇಲ್ಲದಿದ್ದರೂ ಈ ವಾರವೇ ದಂತವೈದ್ಯರಿಗೆ ತೋರಿಸಿ. ಕ್ಯಾಂಡಿಡಾಗೆ ಬಾಯಿಗೆ ಹಚ್ಚುವ ಔಷಧಿ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಫಂಗಸ್‌ಗೆ ನುಂಗುವ ಫ್ಲುಕೋನಜೋಲ್ ಮಾತ್ರೆ ಬರೆದರೆ ಶುಗರ್ ಮಾತ್ರೆ ಯಾವುದು ಅಂತ ತಪ್ಪದೆ ಹೇಳಿ. ಕೆಲವು ಮಾತ್ರೆಗಳ ಜೊತೆ ಸೇರಿದರೆ ಶುಗರ್ ತೀರಾ ಇಳಿಯಬಹುದು. ಹೋಗುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.