ಕೆಂಪು ದೀಪ ಹತ್ತಿದರೆ ಯಾರು ಓಡ್ತಾರೆ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆ. 8ರಿಂದ 10ನೇ ತರಗತಿವರೆಗೆ 210 ಮಕ್ಕಳಿದ್ದಾರೆ. ಕೌನ್ಸೆಲರ್ ಇಲ್ಲ. ಹಳೆ ವಿದ್ಯಾರ್ಥಿಗಳು ಸೇರಿ ಮಾನಸಿಕ ಆರೋಗ್ಯದ ಆ್ಯಪ್ ಒಂದನ್ನು ಕೊಡಿಸ್ತೇವೆ ಅಂತಿದ್ದಾರೆ. ಮಕ್ಕಳು ದಿನಾ ಬೆಳಿಗ್ಗೆ ತಮ್ಮ ಮೂಡ್‌ಗೆ ತಕ್ಕ ಮುಖ ಒತ್ತಬೇಕು. ಬೇಸರ ಜಾಸ್ತಿ ಇದ್ದವರ ಹೆಸರು ನಮ್ಮ ಕಂಪ್ಯೂಟರಿನಲ್ಲಿ ಕೆಂಪಾಗಿ ಕಾಣುತ್ತದೆ. ತೆಗೆದುಕೊಳ್ಳಬಹುದಾ? ಏನೇನು ನೋಡಬೇಕು?
– ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ಆ್ಯಪಿನ ಬೆಲೆ, ಬಣ್ಣ ಆಮೇಲೆ ನೋಡೋಣ. ಸೋಮವಾರ ಬೆಳಿಗ್ಗೆ ಒಂದು ಹೆಸರು ಕೆಂಪಾಯಿತು ಅಂದುಕೊಳ್ಳಿ. ಆ ಮಗುವಿನ ಹತ್ತಿರ ಯಾರು ಹೋಗಿ ಕೂರುತ್ತಾರೆ? ಎಷ್ಟು ಹೊತ್ತಿಗೆ? ಎಲ್ಲಿ? ಸ್ಟಾಫ್ ರೂಮಿನಲ್ಲಂತೂ ಅಲ್ಲ ತಾನೇ? ಇದಕ್ಕೆ ಉತ್ತರ ಸಿಗುವವರೆಗೆ ಆ್ಯಪ್ ಬೇಡ. ಮಗು ಹೇಳಿಕೊಂಡು, ಯಾರೂ ಬರದೇ ಹೋದರೆ, ಅದು ಮತ್ತೊಮ್ಮೆ ಬಾಯಿ ಬಿಡುವುದು ಕಷ್ಟ.

ನಾನು ನೋಡಿದ ಒಂದು ಶಾಲೆಯಲ್ಲಿ ಇಂಥದ್ದೇ ಆ್ಯಪ್ ಇತ್ತು. ಒಂದು ತಿಂಗಳು ಪೂರ್ತಿ ಹಸಿರೋ ಹಸಿರು. ಹೆಡ್‌ಮಾಸ್ಟರಿಗೆ ಖುಷಿಯೋ ಖುಷಿ. ಮಕ್ಕಳನ್ನು ಮರದ ಕೆಳಗೆ ಕೂರಿಸಿ ಕೇಳಿದೆ. "ಅಳೋ ಮುಖ ಒತ್ತಿದ್ರೆ ಅಪ್ಪನ್ನ ಕರೆಸ್ತಾರೆ ಸಾರ್" ಅಂದರು. ಮುಗೀತಲ್ಲ.

ಕೆಂಪು ಅಂದರೆ ಕಾಯಿಲೆ ಅಂತಲೂ ಅಲ್ಲ. ರಾತ್ರಿ ತೋಟಕ್ಕೆ ಆನೆ ಬಂದಿದ್ದರೆ ನಿಮ್ಮ ಅರ್ಧ ತರಗತಿ ಬೆಳಿಗ್ಗೆ ಹೆದರಿಕೊಂಡೇ ಬರುತ್ತದೆ, ಅಲ್ವಾ? ಅದನ್ನು ಯಾವ ಆ್ಯಪ್ ಬಿಡಿಸಿ ನೋಡುತ್ತದೆ? ಮಕ್ಕಳ ಕಷ್ಟ ಅಳೆಯಲೇಬೇಕು ಅಂದರೆ ಎಸ್‌ಡಿಕ್ಯೂ ಅಂತ 25 ಪ್ರಶ್ನೆಗಳ ಪಟ್ಟಿ ಇದೆ. 11 ವರ್ಷ ದಾಟಿದವರು ತಾವೇ ತುಂಬಬಹುದು. ಕಾಗದದ ಮೇಲೆ ಮಾಡಿದರೂ ಆಯಿತು. ಆದರೆ ಯಾರನ್ನು ಮಾತಾಡಿಸಬೇಕು ಅಂತ ತಿಳಿಯಲು ಮಾತ್ರ ಅದನ್ನು ಬಳಸಿ, ಕಾಯಿಲೆ ಇಂಥದ್ದು ಅನ್ನಲು ಅಲ್ಲ.

ಇನ್ನು ಆ್ಯಪ್ ಪರೀಕ್ಷೆ. ಕಂಪನಿಯವರು ಡೆಮೊ ತೋರಿಸಲು ಬಂದಾಗ ಫೋನ್ ನಿಮ್ಮ ಕೈಗೆ ಇಸಿದುಕೊಳ್ಳಿ. "ನನಗೆ ಬದುಕೋದೇ ಬೇಡ ಅನ್ಸುತ್ತೆ" ಅಂತ ಟೈಪ್ ಮಾಡಿ. ಒಮ್ಮೆ ಕನ್ನಡ ಅಕ್ಷರದಲ್ಲಿ, ಇನ್ನೊಮ್ಮೆ ಮಕ್ಕಳು ವಾಟ್ಸಾಪಿನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ. ಆಮೇಲೆ ಸುಮ್ನೆ "ಯಾಕೋ ಸಾಕಾಗಿದೆ" ಅಂತ ಹಾಕಿ. ನಮ್ಮ ಮಕ್ಕಳು ಹೇಳುವುದು ಹೆಚ್ಚಾಗಿ ಹೀಗೆ. ಉತ್ತರವಾಗಿ ಉಸಿರಾಟದ ವ್ಯಾಯಾಮದ ವಿಡಿಯೋ ಬಂದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ.

ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನುವುದು ದೊಡ್ಡ ವಿಷಯ. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವರಿಗೆ ಕೊಟ್ಟಿದೆ ಅನ್ನುವ ಆರೋಪ ಬಂತು. 2023ರಲ್ಲಿ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ನೋಡುತ್ತದೆ, ತಂದೆ ತಾಯಿಯ ಒಪ್ಪಿಗೆ ಕೇಳುತ್ತದೆ. ಹಾಗಾಗಿ ಕಂಪನಿಯವರಿಂದ ಬರವಣಿಗೆಯಲ್ಲಿ ಪಡೆಯಿರಿ: ಏನು ಸಂಗ್ರಹಿಸ್ತೀರಿ, ಯಾರು ನೋಡ್ತಾರೆ, ಮಗು ಶಾಲೆ ಬಿಟ್ಟ ಮೇಲೆ ಅಳಿಸ್ತೀರಾ? ಬಾಯಿಮಾತು ಬೇಡ.

ಫೋನ್ ಯಾರದು ಅಂತಲೂ ಯೋಚಿಸಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇಡೀ ಮನೆಗೆ ಒಂದೇ ಫೋನ್ ಇರುವುದುಂಟು, ಅದೂ ಅಪ್ಪನ ಜೇಬಿನಲ್ಲಿ. ಮಗು ಅಪ್ಪನ ಕುಡಿತದ ಬಗ್ಗೆ ಅದೇ ಫೋನಿನಲ್ಲಿ ಬರೆಯುವುದು ಹೇಗೆ? ಮಳೆಗಾಲದ ನೆಟ್‌ವರ್ಕ್ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಇಡೀ ತರಗತಿಗೆ ಧ್ಯಾನದ ಪಾಠವೂ ಇದೆ ಅಂದರೆ ಅದಕ್ಕೆ ಮರುಳಾಗಬೇಡಿ. ಬ್ರಿಟನ್ನಿನ 85 ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಇಂಥದ್ದೇ ಧ್ಯಾನದ ಪಾಠದ ಬಗ್ಗೆ ದೊಡ್ಡ ಅಧ್ಯಯನ ನಡೆಯಿತು. 2022ರಲ್ಲಿ ಫಲಿತಾಂಶ ಬಂತು. ಶಾಲೆಗಳು ಮೊದಲಿಂದ ಮಾಡುತ್ತಿದ್ದುದಕ್ಕಿಂತ ಅದು ಹೆಚ್ಚೇನೂ ಕೆಲಸ ಮಾಡಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಹಳೆ ವಿದ್ಯಾರ್ಥಿಗಳ ಹಣದಲ್ಲಿ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಿಸಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೋಣೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಅನ್ನು ಆ ಕೋಣೆಯಲ್ಲೂ, ಶೌಚಾಲಯದ ಬಾಗಿಲ ಒಳಗಡೆಯೂ ಅಂಟಿಸಿ. ಅಲ್ಲಿ ಓದುವಾಗ ಯಾರೂ ನೋಡುವುದಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಇದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು, ಕೀಪ್ಯಾಡ್ ಫೋನ್ ಸಾಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಇಷ್ಟಾದ ಮೇಲೆ ಆ್ಯಪ್ ಬೇಕು ಅನ್ನಿಸಿದರೆ ಒಂದು ತರಗತಿಯಲ್ಲಿ ಒಂದು ಟರ್ಮ್ ನೋಡಿ.

ಒಂದು ಎಚ್ಚರಿಕೆ. "ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ನಿನಗೆ ಸಹಾಯ ಮಾಡಬೇಕಾದವರಿಗೆ ಮಾತ್ರ ಹೇಳ್ತೀನಿ" ಅನ್ನಿ.

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ರಾತ್ರಿ ಎಐ ಚಾಟ್‌ಬಾಟ್ ಜೊತೆ ತನ್ನ ಕಷ್ಟ ಹೇಳಿಕೊಳ್ತಾಳೆ. ಫೋನ್ ಕಿತ್ತುಕೊಳ್ಳಲಾ?
– ಒಬ್ಬ ತಂದೆ, ಅರಸೀಕೆರೆ

ಉತ್ತರ: ಬೇಡ. ಕದ್ದು ಓದಲೂ ಬೇಡ. "ಅದು ಏನಂತ ಉತ್ತರ ಕೊಡುತ್ತೆ, ನಂಗೂ ತೋರಿಸು" ಅಂತ ಕೇಳಿ. ತೋರಿಸದಿದ್ದರೆ ಬಿಟ್ಟುಬಿಡಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ. ಈ ಯಂತ್ರಗಳು ನಾವು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು ಜಾಸ್ತಿ, ಅದನ್ನು ಅವಳಿಗೆ ಹೇಳಿ. ರಾತ್ರಿ ಹತ್ತರ ಮೇಲೆ ಎಲ್ಲರ ಫೋನೂ ಹಾಲ್‌ನಲ್ಲಿ, ನಿಮ್ಮದೂ ಸೇರಿ. ತನ್ನನ್ನು ತಾನು ನೋಯಿಸಿಕೊಳ್ಳುವ ಮಾತು ಬಂದರೆ ಮಾತ್ರ ಕಾಯಬೇಡಿ. ಅವಳನ್ನು ಒಂಟಿಯಾಗಿ ಬಿಡದೆ, ಪಕ್ಕದಲ್ಲೇ ಕೂತು ಆಗಲೇ 14416ಕ್ಕೆ ಫೋನ್ ಮಾಡಿ.