ಜ್ವರ 100 ಡಿಗ್ರಿ, ಕುದಿಯುವ ನೀರೂ 100 ಡಿಗ್ರಿ. ಇದು ಹೇಗೆ ಸಾಧ್ಯ?

ಎರಡೂ ಬೇರೆ ಬೇರೆ ಅಳತೆ. ಜ್ವರದ 100 ಫ್ಯಾರನ್‌ಹೀಟ್ ಲೆಕ್ಕದ್ದು. ಅದರಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ ನೋಡಿ. ಸೆಲ್ಸಿಯಸ್‌ನಲ್ಲಿ ಬರುವುದು ಬರೀ 37.8.

ನೀರಿನ 100 ಸೆಲ್ಸಿಯಸ್ ಲೆಕ್ಕದ್ದು. ತಮಾಷೆ ಅಂದರೆ, ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಈ ಅಳತೆ ಮಾಡಿದಾಗ ಅದು ಉಲ್ಟಾ ಇತ್ತು. ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100! ಆಮೇಲೆ ಬೇರೆಯವರು ಅದನ್ನು ತಿರುಗಿಸಿದರು.

ಇನ್ನೊಂದು ವಿಷಯ. ನಮ್ಮ ಬೆಂಗಳೂರಲ್ಲಿ ನೀರು 100ಕ್ಕೆ ಕುದಿಯುವುದೇ ಇಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಹಾಗಾಗಿ 97ರ ಆಸುಪಾಸಿನಲ್ಲೇ ಕುದಿ ಬರುತ್ತದೆ. ಮಂಗಳೂರಲ್ಲಾದರೆ ಹೆಚ್ಚುಕಮ್ಮಿ 100. ತೆರೆದ ಪಾತ್ರೆಯಲ್ಲಿ ಬೇಳೆ ಇಲ್ಲಿ ಸ್ವಲ್ಪ ನಿಧಾನವಾಗಿ ಬೇಯುವುದು ಇದಕ್ಕೇ. ಕುಕ್ಕರ್ ಒಳಗೆ ಒತ್ತಡ ಏರುವುದರಿಂದ ನೀರಿನ ಬಿಸಿ 100 ದಾಟುತ್ತದೆ, ಆ ತಾಪತ್ರಯ ಇರುವುದಿಲ್ಲ.

ಥರ್ಮಾಮೀಟರ್ ಹೇಳುವುದು ಎಷ್ಟು ಬಿಸಿ ಅಂತ ಮಾತ್ರ, ಎಷ್ಟು ಶಾಖ ಹೋಗಿದೆ ಅಂತ ಅಲ್ಲ. ಶಾಖವನ್ನು ಜೂಲ್‌ನಲ್ಲಿ ಅಳೆಯುತ್ತಾರೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಸ್ನಾನಕ್ಕೆ 15 ಲೀಟರ್ ನೀರನ್ನು 25ರಿಂದ 45ಕ್ಕೆ ಕಾಯಿಸಿದರೆ 1,260 ಕಿಲೋಜೂಲ್. ಒಂದು ಯೂನಿಟ್ ಕರೆಂಟ್ ಅಂದರೆ 3,600 ಕಿಲೋಜೂಲ್. ಅಲ್ಲಿಗೆ ಒಂದು ಬಕೆಟ್ ಬಿಸಿನೀರಿಗೆ ಮೂರನೇ ಒಂದು ಯೂನಿಟ್‌ಗಿಂತ ತುಸು ಜಾಸ್ತಿ. ಗೀಸರ್ ಸುಮ್ನೆ ಆನ್ ಇಟ್ಟರೆ ಅದು ಬೇರೆ!