ಕಾಫಿ ಅಂಗಡಿಯ ಮುಂದೆ ನಿಂತ ಹುಡುಗಿ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹಳೇ ಕ್ರೈಸ್ತ ಮಕ್ಕಳ ಕಥೆಗಳೆಂದರೆ ಬರೀ ಕಣ್ಣೀರು, ಉಪದೇಶ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಮ್ಮ ಅಮ್ಮನ ಟ್ರಂಕಿನಲ್ಲಿ ಹೆಸ್ಬಾ ಸ್ಟ್ರೆಟನ್ ಎಂಬುವರ 'ಜೆಸ್ಸಿಕಾಸ್ ಫಸ್ಟ್ ಪ್ರೇಯರ್' ಸಿಕ್ಕಿದೆ. ಎರಡು ಸಲ ಓದಿದೆ. ಇವರು ಗಂಡಸೋ ಹೆಂಗಸೋ? ಈ ಕಥೆಯನ್ನು ಮೊಮ್ಮಗಳಿಗೆ ಓದಿ ಹೇಳಬಹುದೇ?"

ಸಂಪಾದಕರ ಉತ್ತರ:

ಅಮ್ಮಾ, ನಮಸ್ಕಾರ. ಆ ಸಾಲು ಬರೆದದ್ದು ನಾನೇ. ನಿಮ್ಮ ಪತ್ರ ಓದಿದ ಮೇಲೆ ಆ ಪುಸ್ತಕವನ್ನು ಹುಡುಕಿ ಮತ್ತೆ ಓದಿದೆ. ನಾನು ಬರೆದದ್ದು ತಪ್ಪು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹೆಸ್ಬಾ ಸ್ಟ್ರೆಟನ್ ಹೆಂಗಸು. ನಿಜವಾದ ಹೆಸರು ಸಾರಾ ಸ್ಮಿತ್. ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ವೆಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಬೆಂಜಮಿನ್ ಸ್ಮಿತ್‌ಗೆ ಪುಸ್ತಕದಂಗಡಿ, ಅಚ್ಚುಕೂಟ ಇತ್ತು. ಊರಿನ ಪೋಸ್ಟಾಫೀಸನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ತಾಯಿ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದ ಭಕ್ತೆ. ಸಾರಾ ಚಿಕ್ಕವಳಿರುವಾಗಲೇ ಆಕೆ ತೀರಿಕೊಂಡರು. ಆ ಮೇಲೆ ಅಂಗಡಿಯ ಪುಸ್ತಕಗಳೇ ಈ ಹುಡುಗಿಗೆ ಶಾಲೆಯಾದವು.

ಹೆಸ್ಬಾ ಅನ್ನುವ ಹೆಸರನ್ನು ಅವರು ಮಾಡಿಕೊಂಡ ರೀತಿ ನನಗೆ ತುಂಬಾ ಇಷ್ಟ. ಹ್ಯಾನಾ, ಎಲಿಜಬೆತ್, ಸಾರಾ, ಬೆಂಜಮಿನ್, ಆನಾ ಎಂಬ ಐವರು ಒಡಹುಟ್ಟಿದವರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಹೆಸ್ಬಾ. ಸ್ಟ್ರೆಟನ್ ಅನ್ನುವುದು ಆಲ್ ಸ್ಟ್ರೆಟನ್ ಎಂಬ ಹಳ್ಳಿಯಿಂದ ಬಂದದ್ದು. ತಾನು ಬರೆದದ್ದಕ್ಕೆ ಇಡೀ ಮನೆಯ ಹೆಸರನ್ನು ಇಟ್ಟವರು ಅವರು. 1859ರಲ್ಲಿ ಅವರ ಒಂದು ಕಥೆಯನ್ನು ಅವರಿಗೇ ಹೇಳದೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ಪತ್ರಿಕೆಗೆ ಕಳಿಸಿಬಿಟ್ಟವರು ಅಕ್ಕ ಎಲಿಜಬೆತ್. ಡಿಕನ್ಸ್ ಅದನ್ನು ಅಚ್ಚು ಹಾಕಿದರು. ಬರವಣಿಗೆ ಶುರುವಾದದ್ದು ಅಲ್ಲಿಂದ.

ಇನ್ನು ನಿಮ್ಮ ಕೈಯಲ್ಲಿರುವ ಪುಸ್ತಕದ ವಿಷಯ. 1866ರಲ್ಲಿ ಅದು ಒಂದು ಧಾರ್ಮಿಕ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಮರುವರ್ಷ ಪುಸ್ತಕವಾಯಿತು. ಅದರ 15 ಲಕ್ಷಕ್ಕೂ ಜಾಸ್ತಿ ಪ್ರತಿಗಳು ಖರ್ಚಾದವು. ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರ್ ಅದು ಎಲ್ಲ ಶಾಲೆಗಳಲ್ಲೂ ಇರಬೇಕೆಂದು ಆಜ್ಞೆ ಮಾಡಿದ. ಅವನ ನಂತರ ಬಂದ ದೊರೆ ಆ ಆಜ್ಞೆಯನ್ನು ರದ್ದು ಮಾಡಿದ.

ಆದರೆ ನಾನು ಮನಸ್ಸು ಬದಲಿಸಿದ್ದು ಈ ಲೆಕ್ಕ ನೋಡಿ ಅಲ್ಲ. ಕಥೆಯ ಶುರುವನ್ನೇ ನೆನಪು ಮಾಡಿಕೊಳ್ಳಿ. ಲಂಡನ್ನಿನ ರೈಲು ಸೇತುವೆಯ ಕಮಾನಿನ ಕೆಳಗೆ ಡೇನಿಯಲ್ ಎಂಬುವನ ಕಾಫಿ ಅಂಗಡಿ. ಬೆಳಗಿನ ಜಾವ ಕೆಲಸಕ್ಕೆ ಹೋಗುವವರು ಬಿಸಿ ಕಾಫಿ ಕುಡಿದು ಹೋಗುತ್ತಾರೆ. ಬರಿಗಾಲಿನ ಜೆಸ್ಸಿಕಾ ಕಾಫಿಯ ಪಾತ್ರೆಯನ್ನೇ ನೋಡುತ್ತಾ ನಿಂತಿರುತ್ತಾಳೆ. ತಾಯಿ ಕುಡುಕಿ, ಮಗಳ ಕಡೆ ಲಕ್ಷ್ಯವಿಲ್ಲ. ಡೇನಿಯಲ್ ವಾರಕ್ಕೊಂದು ಸಲ ಬಾ ಎಂದು, ಉಳಿದ ಕಾಫಿ, ರೊಟ್ಟಿಯ ಚೂರು ಕೊಡುತ್ತಾನೆ. ಒಂದು ದಿನ ಒಂದು ಪೆನ್ನಿ ನಾಣ್ಯ ಕೆಳಗೆ ಬೀಳುತ್ತದೆ. ಹುಡುಗಿ ಅದರ ಮೇಲೆ ಥಟ್ಟನೆ ಪಾದ ಇಡುತ್ತಾಳೆ. ಅವನು ಹುಡುಕುತ್ತಾನೆ, ಇವಳು ಅಲುಗಾಡುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಎತ್ತಿ ಕೊಟ್ಟುಬಿಡುತ್ತಾಳೆ.

ಲೇಖಕಿಗೆ ಉಪದೇಶ ಮಾಡುವುದೇ ಮುಖ್ಯವಾಗಿದ್ದರೆ ಹುಡುಗಿಗೆ ಬುದ್ಧಿ ಹೇಳಲು ಇದೇ ಒಳ್ಳೇ ಜಾಗವಾಗಿತ್ತು, ಅಲ್ವಾ? ಅವರು ಹಾಗೆ ಮಾಡಲಿಲ್ಲ. ದುಡ್ಡಿನ ಆಸೆ ಇರುವುದು ಡೇನಿಯಲ್‌ಗೇ ಎಂದು ಮುಂದೆ ತೋರಿಸುತ್ತಾರೆ. ಅವನು ಬ್ಯಾಂಕಿನಲ್ಲಿ ದುಡ್ಡು ಕೂಡಿಡುವವನು. ಒಂದು ದೊಡ್ಡ ಚಾಪೆಲಿನ, ಅಂದರೆ ಕ್ರೈಸ್ತರ ಪ್ರಾರ್ಥನಾ ಮಂದಿರದ, ಉಸ್ತುವಾರಿಯೂ ಅವನದೇ. ಕಾಫಿ ಮಾರುವ ಸಂಗತಿ ಅಲ್ಲಿಯವರಿಗೆ ಗೊತ್ತಾಗದಂತೆ ಮುಚ್ಚಿಟ್ಟಿರುತ್ತಾನೆ. ಒಂದು ರಾತ್ರಿ ಜೆಸ್ಸಿಕಾ ಆ ಚಾಪೆಲಿಗೇ ಬಂದರೆ ಅವಳನ್ನು ಓಡಿಸುತ್ತಾನೆ. ರೇಷ್ಮೆ ಉಟ್ಟವರ ಮಧ್ಯೆ ಈ ಚಿಂದಿ ಬಟ್ಟೆಯ ಮಗುವನ್ನು ಎಲ್ಲಿ ಕೂರಿಸುವುದು ಎಂದು ಪಾದ್ರಿಗೂ ತೋಚುವುದಿಲ್ಲ. ಕೊನೆಗೆ ಆ ಹುಡುಗಿ ಮೊದಲ ಸಲ ಪ್ರಾರ್ಥನೆ ಮಾಡುವಾಗ ದೇವರ ಹತ್ತಿರ ಕೇಳುವುದು ಇಷ್ಟೇ: ನಿನ್ನ ವಿಷಯ ನನಗೆ ತಿಳಿಯಬೇಕು, ಡೇನಿಯಲ್ ಕೊಟ್ಟ ಬಿಸಿ ಕಾಫಿಯ ದುಡ್ಡನ್ನು ನೀನೇ ಕೊಟ್ಟುಬಿಡು. ಇಲ್ಲಿಗೆ ಬಂದಾಗ ನನಗೆ ಗಂಟಲು ಕಟ್ಟಿತು. ಪುಸ್ತಕದಲ್ಲಿ ಕಣ್ಣೀರಿದೆ, ನಿಜ. ಆದರೆ ಅದರಲ್ಲಿ ಬುದ್ಧಿ ಹೇಳಿಸಿಕೊಳ್ಳುವವರು ದೊಡ್ಡವರು.

ಕಥೆಯ ಹೊರಗೂ ಅವರು ಸುಮ್ನೆ ಕೂರಲಿಲ್ಲ. ಇಂಗ್ಲೆಂಡಿನಲ್ಲಿ ಪ್ರಾಣಿಗಳಿಗೆ ಹಿಂಸೆ ಮಾಡುವುದನ್ನು ತಡೆಯಲು 1824ರಲ್ಲೇ ಒಂದು ಸಂಘ ಹುಟ್ಟಿತ್ತು. ಲಂಡನ್ನಿನಲ್ಲಿ ಮಕ್ಕಳಿಗಾಗಿ ಅಂಥ ಸಂಘ ಬರಲು ಇನ್ನೂ 60 ವರ್ಷ ಬೇಕಾಯಿತು. 1884ರ ಜನವರಿಯಲ್ಲಿ ಸ್ಟ್ರೆಟನ್ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದು, ಹೊಡೆತ ತಿನ್ನುವ ಮಕ್ಕಳ ಪರವಾಗಿ ಒಂದು ಸಂಘ ಬೇಕು ಎಂದರು. ಅದೇ ಜುಲೈನಲ್ಲಿ ಸಂಘ ಶುರುವಾಯಿತು. ಪಾದ್ರಿ ಬೆಂಜಮಿನ್ ವಾ, ಶ್ರೀಮಂತ ದಾನಿ ಏಂಜೆಲಾ ಬರ್ಡೆಟ್ ಕೂಟ್ಸ್ ಜೊತೆಗಿದ್ದರು. 1889ರಲ್ಲಿ ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಕಾನೂನು ಬಂತು. ಅದರಿಂದ ಹಿಂಸೆ ಮಾಡುವ ತಂದೆ ತಾಯಿಯ ಕೈಯಿಂದಲೂ ಮಗುವನ್ನು ಬಿಡಿಸಲು ದಾರಿಯಾಯಿತು. ಸುಮಾರು ಹತ್ತು ವರ್ಷ ದುಡಿದ ಮೇಲೆ, ಹಣದ ವ್ಯವಹಾರ ಸರಿಯಿಲ್ಲ ಅನಿಸಿ ಸ್ಟ್ರೆಟನ್ ಅದೇ ಸಂಘದಿಂದ ಹೊರಬಂದರು.

ಲೆಕ್ಕದಲ್ಲಿ ಅವರು ಮೊದಲಿಂದಲೂ ಗಟ್ಟಿ. ತಾನು ಬರೆದದ್ದಕ್ಕೆ ಸಿಗಬೇಕಾದ ಹಣಕ್ಕಾಗಿ ಪ್ರಕಾಶಕರ ಜೊತೆ ಜಗಳಕ್ಕೂ ಹಿಂಜರಿಯಲಿಲ್ಲ. ಮದುವೆಯಾಗದೆ ತನ್ನ ಬರವಣಿಗೆಯಿಂದಲೇ ಬದುಕಿದ ಹೆಂಗಸು ಹೀಗೆ ಕೇಳಿದ್ದು ನನಗಂತೂ ನ್ಯಾಯ ಅನಿಸುತ್ತದೆ. ಅಕ್ಕ ಎಲಿಜಬೆತ್ ಕೊನೆಯವರೆಗೂ ಜೊತೆಗಿದ್ದರು. 1911ರ ಫೆಬ್ರವರಿಯಲ್ಲಿ ಅಕ್ಕ ತೀರಿಕೊಂಡರು, ಅಕ್ಟೋಬರ್‌ನಲ್ಲಿ ತಂಗಿ.

ಮೊಮ್ಮಗಳಿಗೆ ಖಂಡಿತ ಓದಿ ಹೇಳಿ. ಕುಡುಕ ತಾಯಿಯ ಭಾಗ ಬಂದಾಗ ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ, ಸಣ್ಣ ಮಕ್ಕಳಿಗೆ ಅದು ಭಯ ಹುಟ್ಟಿಸಬಹುದು. ನಾಣ್ಯದ ಮೇಲೆ ಪಾದ ಇಟ್ಟ ಕಡೆ ಓದುವುದನ್ನು ನಿಲ್ಲಿಸಿ, ಮುಂದೆ ಏನು ಮಾಡುತ್ತಾಳೆ ಅಂತ ಕೇಳಿ ನೋಡಿ. ಅವಳು ಏನು ಹೇಳಿದಳು ಅಂತ ನಮಗೂ ಬರೆಯಿರಿ. ಇನ್ನೊಂದು ಮಾತು: ಇಂಥ ಪುಸ್ತಕಗಳನ್ನು ಸಂಡೇ ಸ್ಕೂಲುಗಳಲ್ಲಿ, ಅಂದರೆ ಭಾನುವಾರ ಮಕ್ಕಳಿಗೆ ಧರ್ಮಪಾಠ ಹೇಳುವ ಶಾಲೆಗಳಲ್ಲಿ, ಬಹುಮಾನವಾಗಿ ಕೊಡುತ್ತಿದ್ದರು. ರಟ್ಟಿನ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿದ್ದಾರಾ ನೋಡಿ. ಇದ್ದರೆ ಫೋಟೋ ತೆಗೆದು ಕಳಿಸಿ.